ಓದಲಾರಳು

ಬರೆದದ್ದು ಮೊದಲೋ, ನೆನಪಾದದ್ದು ಮೊದಲೋ? ಬರೆದ ಮೇಲೆ ನೆನಪಾಗಿದ್ದರೆ ಅದು ನಿಯಮ. ನೆನಪಾದ ಮೇಲೆ ಬರೆದಿದ್ದರೆ ಅದಕ್ಕೆ ಬೇರೆ ಹೆಸರು. ಮೂರು ವಾರಗಳಿಂದ ಹರಿಹರ ಆ ಒಂದು ಗಳಿಗೆಯನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದ. ಪೆನ್ನಿನ ಮುಚ್ಚಳ ತೆಗೆದದ್ದು ನೆನಪಾಗುತ್ತಿತ್ತು. ಸಂಘದ ರಿಜಿಸ್ಟರಿನ ಕೊನೆಯ ಕಾಲಮಿನಲ್ಲಿ ‘ಓದಲಾರಳು’ ಎಂಬ ಪದದ ಶಾಯಿ ಇನ್ನೂ ಆರದೆ ಹೊಳೆದದ್ದು ನೆನಪಾಗುತ್ತಿತ್ತು. ಅವೆರಡರ ನಡುವೆ ತನ್ನ ತಲೆಯಲ್ಲಿ ಏನಿತ್ತು ಎಂಬುದು ಮಾತ್ರ ಸಿಗುತ್ತಿರಲಿಲ್ಲ. ಮೈಲಾಪೂರಿನ ಎತ್ತರದ ರೈಲು ನಿಲ್ದಾಣದಲ್ಲಿ ಭಾನುವಾರ ಬೆಳಿಗ್ಗೆ ಅವನನ್ನು ಬಿಟ್ಟರೆ ನಾಲ್ಕೈದು ಜನ. ಕೆಳಗೆ ಕಾಲುವೆಯ ನೀರು ಹರಿಯದೆ ಕಪ್ಪಗೆ ನಿಂತಿತ್ತು. ರೈಲು ಬಂದು, ಖಾಲಿ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತಾಗಲೂ ಅದೇ ಪ್ರಶ್ನೆ ಎದುರಿನ ಸೀಟಿನಲ್ಲಿ ಬಂದು ಕೂತಂತಾಯಿತು. ವಯಸ್ಸು ನಲವತ್ತೊಂಬತ್ತು, ಅಣ್ಣಾ ಸಾಲೈಯ ವಿಮಾ ಕಚೇರಿಯಲ್ಲಿ ಇಪ್ಪತ್ತನಾಲ್ಕು ವರ್ಷದ ನೌಕರಿ. ಕ್ಲೇಮಿನ ಕಾಗದಗಳಲ್ಲಿ ಸತ್ತವನ ಜನ್ಮದಿನಾಂಕ ಎರಡು ಕಡೆ ಎರಡು ರೀತಿ ಇದ್ದರೆ ತಕ್ಷಣ ಕಣ್ಣಿಗೆ ಬೀಳುವ ಮನುಷ್ಯ. ತನ್ನದೇ ಒಂದು ಗಳಿಗೆ ಅವನ ಕಣ್ಣಿಗೆ ಬೀಳುತ್ತಿಲ್ಲ.

ಆ ಕಾಲಮು ಅವನದೇ. ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯಲ್ಲಿ ಬಟ್ಟೆಯ ಗೋದಾಮಿನ ಮೇಲಿರುವ ಕನ್ನಡ ಸಂಘಕ್ಕೆ ವರ್ಷದಲ್ಲಿ ಹತ್ತು ತಿಂಗಳು ಕೇರಂ ಬೋರ್ಡು ಮತ್ತು ಹಳೆಯ ವಾರಪತ್ರಿಕೆಗಳನ್ನು ಬಿಟ್ಟರೆ ಕೆಲಸವಿಲ್ಲ. ಜೂನ್, ಜುಲೈ ಬಂದಾಗ ಮಾತ್ರ ಮೆಟ್ಟಿಲ ತುಂಬ ಚಪ್ಪಲಿಗಳು. ಪೆರುಂಗುಡಿಯಿಂದ ಆಚೆ, ಹಳೆಯ ಮಹಾಬಲಿಪುರಂ ರಸ್ತೆಯ ಮೇಲಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕನ್ನಡ ಮಾತೃಭಾಷೆಯವರಿಗೆಂದು ನಾಲ್ಕು ಸೀಟುಗಳಿವೆ. ಅವಕ್ಕೆ ಪ್ರವೇಶ ಪರೀಕ್ಷೆಯ ರ‍್ಯಾಂಕು ಬೇಡ. ಹನ್ನೆರಡನೆಯ ತರಗತಿಯ ಅಂಕ ಮತ್ತು ‘ಇವರು ಕನ್ನಡದವರು’ ಎಂಬ ಸಂಘದ ಪತ್ರ ಸಾಕು. ಯಾರು ಬೇಕಾದರೂ ಹತ್ತು ವಾಕ್ಯ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಎಂದು ಹನ್ನೊಂದು ವರ್ಷದ ಹಿಂದೆ ಸಭೆಯಲ್ಲಿ ಎದ್ದುನಿಂತು ಹೇಳಿದವನು ಹರಿಹರ. ಆ ವರ್ಷ ಹಾಗೆ ಬಂದ ಹುಡುಗನೊಬ್ಬ ಪತ್ರ ಪಡೆದು, ಮೆಟ್ಟಿಲಿಳಿಯುತ್ತ ತಾಯಿಯ ಜೊತೆ ತೆಲುಗಿನಲ್ಲಿ ನಕ್ಕಿದ್ದ. ಮಾತು ಕದಿಯಬಹುದು, ಓದು ಕದಿಯಲಾಗದು, ನಾಲ್ಕನೆಯ ತರಗತಿಯ ಪುಸ್ತಕದ ಒಂದು ಪುಟ ಓದಿಸೋಣ, ಎಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಮುಂದಿನ ಭಾನುವಾರ ಅವನೇ ಸ್ಕೇಲು ಇಟ್ಟು ಗೆರೆ ಎಳೆದು ಕಾಲಮು ಮಾಡಿದ. ಓದಬಲ್ಲರು, ಓದಲಾರರು. ಅಂದಿನಿಂದ ಓದಿಸುವ ಕೆಲಸ ಅವನಿಗೇ ಬಿತ್ತು. ಕಚೇರಿಯಲ್ಲಿ ಸಿಗದ ಒಂದು ಗೌರವ ಆ ಕುರ್ಚಿಯಲ್ಲಿ ಅವನಿಗೆ ಸಿಗುತ್ತಿತ್ತು. ತಂದೆತಾಯಂದಿರು ಅವನೆದುರು ಕೈಕಟ್ಟಿ ನಿಲ್ಲುತ್ತಿದ್ದರು. ಅದು ಇಷ್ಟವಾಗುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಲು ಅವನಿಗೆ ಈ ಮೂರು ವಾರ ಬೇಕಾಯಿತು.

ಮಗಳು ಶ್ರೀಯಾಗೆ ಏಪ್ರಿಲ್‌ನಲ್ಲಿ, ಪ್ರವೇಶ ಪರೀಕ್ಷೆಗೆ ಐದು ದಿನವಿದ್ದಾಗ, ಮೈಮೇಲೆ ಸೀತಾಳೆ ಸಿಡುಬಿನ ಗುಳ್ಳೆಗಳೆದ್ದವು. ಹೆಂಡತಿ ಉಷಾ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಪರೀಕ್ಷೆಯ ದಿನ ಹುಡುಗಿ ಚಾಪೆಯ ಮೇಲೆ ಮಲಗಿ, ಕೆರೆದುಕೊಳ್ಳದಂತೆ ಎರಡು ಕೈಗೂ ಕಾಲುಚೀಲ ಹಾಕಿಸಿಕೊಂಡು, ಗೋಡೆಯ ಗಡಿಯಾರ ನೋಡುತ್ತಿದ್ದಳು. ಹತ್ತು ಗಂಟೆಗೆ, “ಈಗ ಕ್ವೆಶ್ಚನ್ ಪೇಪರ್ ಕೊಟ್ಟಿರ್ತಾಂಗ ಪಾ,” ಎಂದಳು. ಉಷಾಳೇ ಆ ನಾಲ್ಕು ಸೀಟುಗಳ ಮಾತೆತ್ತಿದ್ದು. ಹುಟ್ಟಿದ್ದು ಬೆಳೆದದ್ದು ಮೈಲಾಪೂರಿನಲ್ಲೇ ಆದ್ದರಿಂದ ಅವಳ ಕನ್ನಡದಲ್ಲಿ ಅರ್ಧ ತಮಿಳು. “ಊರವರ ಮಕ್ಕಳಿಗೆಲ್ಲ ಪತ್ರ ಬರೀತೀರಿ, ನಮ್ಮ ಮಗುಗೆ ಅಮ್ಮೈ ಬಂದದ್ದು ಅದರ ತಪ್ಪಾ? ನಾವೇನು ಕನ್ನಡದವರಲ್ವಾ?” ಕನ್ನಡದವರೇ. ಆದರೆ ಶ್ರೀಯಾಗೆ ಕನ್ನಡದ ಒಂದು ಅಕ್ಷರವೂ ಬರುತ್ತಿರಲಿಲ್ಲ. ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವುದು ಅವಳು ಎರಡು ವರ್ಷದವಳಿದ್ದಾಗಿನಿಂದ ನಡೆದುಬಂದದ್ದು. ಮೇ ತಿಂಗಳಿಡೀ ಊಟದ ಮೇಜಿನ ಮೇಲೆ ಅ ಆ ಇ ಈ. ಗುಳ್ಳೆ ಒಣಗಿದ ಕಲೆಗಳಿದ್ದ ಬೆರಳುಗಳಲ್ಲಿ ಅವಳು ಒತ್ತಕ್ಷರ ತಿದ್ದುವುದನ್ನು ನೋಡುವಾಗ ಹರಿಹರನಿಗೆ ಸುಖವಾಗಿತ್ತು. ಹದಿನೇಳು ವರ್ಷ ತಾನು ಮಾಡದೆ ಬಿಟ್ಟದ್ದು ಈಗ ಆಗುತ್ತಿದೆ. ಜೂನ್ ಬಂದರೂ ಅವಳು ‘ಕ್ಷ’ ಕಂಡಲ್ಲಿ ನಿಲ್ಲುತ್ತಿದ್ದಳು. ಆಗ ಅವನು ಪುಸ್ತಕದ ಏಳನೆಯ ಪಾಠ ತೆಗೆದು, “ಇದನ್ನೊಂದು ಚೆನ್ನಾಗಿ ಓದಿಕೋ ಮಗಾ,” ಎಂದ. ಸಂಘದ ಪುಸ್ತಕ ಏಳನೆಯ ಪಾಠದಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ. ಹನ್ನೊಂದು ವರ್ಷ ಅವನು ಅದನ್ನೇ ಓದಿಸಿದ್ದರಿಂದ ಪುಸ್ತಕದ ಬೆನ್ನು ಅಲ್ಲಿಗೇ ಮುರಿದಿತ್ತು.

ರೈಲು ಲೈಟ್‌ಹೌಸ್ ನಿಲ್ದಾಣ ದಾಟಿತು. ಏಳನೆಯದು ಬಾವಿ ತೋಡುವವರ ಬಗ್ಗೆ ಒಂದೂವರೆ ಪುಟದ ಪಾಠ. ಮೊದಲು ಮರಳು ಬಂತು, ಆಮೇಲೆ ಜೇಡಿಮಣ್ಣು ಬಂತು, ಆಮೇಲೆ ಕಲ್ಲು. ಮೂರು ವಾರದ ಹಿಂದೆ ಶ್ರೀಯಾಳ ಸರದಿ ಬಂದಾಗ, ಸ್ವಂತ ಮಗಳನ್ನು ತಾನೇ ಓದಿಸುವುದು ಸರಿಯಲ್ಲವೆಂದು ಹರಿಹರ ಕುರ್ಚಿ ಬಿಟ್ಟು ಎದ್ದಿದ್ದ. ಸಂಘದ ಕಾರ್ಯದರ್ಶಿ ದೊಡ್ಡಬಸಪ್ಪನವರು ಕೂತರು. ಗದಗಿನ ಕಡೆಯವರು, ಕೆಳಗಿನ ಗೋದಾಮು ಅವರದೇ, ಅರವತ್ತು ದಾಟಿದ ಭಾರಿ ಆಳು. ಪುಸ್ತಕ ತೆರೆದರು, ಅದು ಏಳಕ್ಕೆ ತೆರೆಯಿತು. ಶ್ರೀಯಾ ಸರಸರನೆ ಓದಿದಳು. ಎಷ್ಟು ಸರಾಗವೆಂದರೆ, ಪುಟದ ಕೊನೆಯ ಸಾಲು ಮುಗಿದ ಮೇಲೂ ಅವಳ ಬಾಯಿ ನಿಲ್ಲಲಿಲ್ಲ. ದೊಡ್ಡಬಸಪ್ಪನವರ ದಪ್ಪ ಬೆರಳು ಇನ್ನೂ ಹಾಳೆಯ ಮೂಲೆ ಹಿಡಿದು ಹುಡುಕುತ್ತಿದ್ದಾಗಲೇ ಅವಳು ಆಚೆ ಪುಟದ ಎರಡು ವಾಕ್ಯ ಹೇಳಿ ಮುಗಿಸಿದ್ದಳು. ಕಲ್ಲು ಬಂದಿತ್ತು. ಹಾಳೆ ಮಗುಚಿರಲಿಲ್ಲ. ದೊಡ್ಡಬಸಪ್ಪನವರು ತಲೆಯೆತ್ತಿ ಅವಳನ್ನಲ್ಲ, ಹರಿಹರನನ್ನು ನೋಡಿದರು. ಒಂದು ಗಳಿಗೆ. ಆಮೇಲೆ, “ಭೇಷ್! ಅಪ್ಪನ ಮಗಳು ಖರೆ!” ಎಂದು ನಕ್ಕು ‘ಓದಬಲ್ಲಳು’ ಎಂದು ಬರೆದರು. ಆ ನಗುವಿನಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲವೆಂಬುದೇ ಹರಿಹರನನ್ನು ಚುಚ್ಚಿತು. ಅವರು ಹುಬ್ಬು ಗಂಟಿಕ್ಕಿದ್ದರೆ ಅವನು ಏನಾದರೂ ಹೇಳುತ್ತಿದ್ದನೇನೋ.

ಅದೇ ದಿನ ಕೊನೆಯದಾಗಿ ಬಂದವಳು ಕೋಮಲಾ. ಅಷ್ಟು ಹೊತ್ತಿಗೆ ಅಂಕಗಳ ಲೆಕ್ಕದಲ್ಲಿ ಮೂರು ಸೀಟು ಗೊತ್ತಾಗಿ ಹೋಗಿತ್ತು. ನಾಲ್ಕನೆಯದು ಶ್ರೀಯಾಳದು, ಅವಳಿಗಿಂತ ಹೆಚ್ಚು ಅಂಕದವರು ಇನ್ನು ಯಾರೂ ಬಾರದಿದ್ದರೆ. ಕೋಮಲಾಳದು ಎಣ್ಣೆ ಹಾಕಿ ಬಿಗಿದು ಹೆಣೆದ ಜಡೆ, ಇಸ್ತ್ರಿ ಮಾಡಿದ ಹಳೆಯ ಲಂಗ ದಾವಣಿ. ಜೊತೆಗೆ ಅಪ್ಪ ರಾಮಲಿಂಗಂ ಮತ್ತು ಕುಳ್ಳಗಿನ ಒಬ್ಬ ಮುದುಕಿ, ಅಜ್ಜಿ. ಚಿಂತಾದ್ರಿಪೇಟೆಯವರು. ಮಗ್ಗದವರು, ಕಂಪನಿ ಕಾಲದಲ್ಲಿ ಬಂದು ನೆಲೆಸಿದವರಂತೆ. ಈಗ ಮಗ್ಗವಿಲ್ಲ, ರಾಮಲಿಂಗಂ ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಹರಿಹರ ಅಂಕಪಟ್ಟಿ ನೋಡಿದ. ಸಾವಿರದ ಇನ್ನೂರಕ್ಕೆ ಸಾವಿರದ ನೂರ ಇಪ್ಪತ್ತೊಂದು. ಶ್ರೀಯಾಗೆ ಸಾವಿರದ ತೊಂಬತ್ತನಾಲ್ಕು. ನೋಡಿದ, ಅಷ್ಟು ನಿಜ. ಹಾಗಾದರೆ ಮಗಳ ಸೀಟಿನ ನೆನಪು ಮೊದಲೇ ಆಗಿತ್ತೇ? ಎಲ್ಲರ ಅಂಕಪಟ್ಟಿ ನೋಡುವ ಕ್ರಮದಲ್ಲೇ ಇವಳದನ್ನೂ ನೋಡಿದ್ದು. ನೋಡಿ ಪಕ್ಕಕ್ಕಿಟ್ಟ.

“ಎಂಟ್ರನ್ಸ್ ಬರೀಲಿಲ್ವೇನಮ್ಮ?”

“ಬರೆದೆ ಸಾರ್. ಕಮ್ಮಿ ಬಂತು. ಕೋಚಿಂಗ್‌ಗೆ ಹೋಗಿಲ್ಲ. ಎಲ್ಲ ಕೇಳ್ವಿಯೂ ಇಂಗ್ಲಿಷ್‌ನಾಗೆ ಯೋಚನೆ ಮಾಡಬೇಕು, ನಾನು ತಮಿಳ್ ಮೀಡಿಯಂ.”

“ಮನೇಲಿ?”

“ಮನೆಲಿ ಇದೇ ಮಾತು ಸಾರ್. ಬೇರೆ ಮಾತಾಡಿದ್ರೆ ಅಜ್ಜಿ ಬೈತದೆ.”

ಅಜ್ಜಿ ಅಷ್ಟರಲ್ಲಿ ಕುರ್ಚಿ ಬೇಡವೆಂದು ಗೋಡೆಗೊರಗಿ ನೆಲದ ಮೇಲೆ ಕೂತಾಗಿತ್ತು. “ನಿಂಗ್ಯಾವೂರು ಸಾಮಿ?” ಎಂದು ಅವನನ್ನೇ ಕೇಳಿತು. ಚಿತ್ರದುರ್ಗದ ಕಡೆ ಎಂದ. “ದೂರವಾ?” “ದೂರ.” “ಅಲ್ಲೂ ನಮ್ಮ ಮಾತೇ ಆಡ್ತಾರಾ?” ಆಡ್ತಾರೆ ಎಂದಾಗ ಮುದುಕಿಗೆ ನಂಬಿಕೆ ಬರಲಿಲ್ಲ. “ಹಂಗಾರೆ ಮಗೀಗೆ ಬೇಗ ಕೇಳಿ ಬಿಡು ಸಾಮಿ. ಸೊಸೆ ಎಸರಿಟ್ಟಿರ್ತಾಳೆ. ನಾ ಹೋಗದೆ ಅಕ್ಕಿ ಹಾಕಾಕಿಲ್ಲ, ನಂಗೇ ಅಳತೆ ಗೊತ್ತಿರೋದು.” ಎಸರು. ಆ ಪದವನ್ನು ಹರಿಹರ ಎಷ್ಟು ವರ್ಷದಿಂದ ಕೇಳಿರಲಿಲ್ಲ! ಊರಿನಲ್ಲಿ ಅವನ ಅಜ್ಜಿ ಹಾಗೆನ್ನುತ್ತಿದ್ದಳು. ಸ್ಕೂಲಿನಿಂದ ಬಂದವನಿಗೆ ಹಸಿವಾದರೆ, ತಡಿಯೋ, ಎಸರು ಮರಳಲಿ. ಅವನ ಮನೆಯಲ್ಲಿ ಈಗ ಕುಕ್ಕರ್ ಇಡುತ್ತಾರೆ, ಎಷ್ಟು ವಿಸಿಲ್ ಆಯಿತೆಂದು ಕೇಳುತ್ತಾರೆ. ಅಡುಗೆಮನೆಯ ಹೊಗೆ ಮೂಗಿಗೆ ಬಂದಂತಾಗಿ ಅವನು ಪುಸ್ತಕ ತೆರೆದು ಹುಡುಗಿಯ ಮುಂದಿಟ್ಟ.

ಕೋಮಲಾ ಪುಟವನ್ನು ನೋಡಿದಳು. ಬಾಗಿ ನೋಡಿದಳು. ಒಂದು ಅಕ್ಷರದ ಮೇಲೆ ಬೆರಳಿಟ್ಟು ತೆಗೆದಳು. “ಈ ಎಳುತ್ತು ನಂಗೆ ಗೊತ್ತಿಲ್ಲ ಸಾರ್,” ಎಂದಳು. ಎಳುತ್ತು ಎಂದರೆ ಅಕ್ಷರ. “ನಮ್ಮ ಮಾತನ್ನ ನಾವು ತಮಿಳಲ್ಲೇ ಬರೀತೀವಿ. ನೀವು ಓದಿ, ನಾ ಅರ್ಥ ಹೇಳ್ತೀನಿ.” ರಾಮಲಿಂಗಂ ಕೈಮುಗಿದ. “ಪಳ್ಳಿಕೂಡದಲ್ಲಿ ಕಲಿಸೋರಿಲ್ಲ ಸಾರ್. ನಂಗೂ ಬರಾಕಿಲ್ಲ, ನಮ್ಮಪ್ಪನಿಗೂ ಬರ್ತಿರಲಿಲ್ಲ.” ದೊಡ್ಡಬಸಪ್ಪನವರು ಕೇರಂ ಬೋರ್ಡಿನ ಹತ್ತಿರದಿಂದ, “ಹರಿಹರ ಅವರ, ಹುಡುಗಿ ಛಲೋ ಮಾತಾಡ್ತಾಳಲ್ರಿ. ನಮಗಿಂತ ಹಳೇ ಕನ್ನಡ ಐತಿ,” ಎಂದರು. ಆಗ ಅವನು ಹೇಳಿದ: “ನಿಯಮ ಎಲ್ಲರಿಗೂ ಒಂದೇ ಸಾರ್.” ದನಿ ಸಹಜವಾಗಿಯೇ ಇತ್ತು, ಕಚೇರಿಯ ಕೌಂಟರಿನಲ್ಲಿ ಹೇಳುವ ಹಾಗೆ. ದೊಡ್ಡಬಸಪ್ಪನವರು, “ನಿಮ್ಮ ನಿಯಮ. ನೀವ ನೋಡ್ರಿ,” ಎಂದು ಸ್ಟ್ರೈಕರ್ ಹೊಡೆದರು. ಕಾಯಿಯೊಂದು ಟಕ್ಕೆಂದು ಮೂಲೆಗೆ ಬಿತ್ತು. ಪೆನ್ನಿನ ಮುಚ್ಚಳ ತೆಗೆದದ್ದು ಆಗ. ಶಾಯಿ ಹೊಳೆದದ್ದು ಆಮೇಲೆ. ನಡುವೆ? ಪತ್ರ ಕೊಡಲಾಗದು ಎಂದಾಗ ಹುಡುಗಿ ಅಳಲಿಲ್ಲ, ಗೋಗರೆಯಲಿಲ್ಲ. ಮೆಟ್ಟಿಲವರೆಗೆ ಹೋಗಿ ಒಬ್ಬಳೇ ತಿರುಗಿ ಬಂದು, “ಸಾರ್, ಆ ಪುಸ್ತಕ ನಾ ತಕ್ಕೊಂಡು ಹೋಗಲಾ? ತಂದುಕೊಡ್ತೀನಿ,” ಎಂದಳು. ಅವನು ಕೊಟ್ಟ. ಅ ದಿಂದ ಳ ವರೆಗೆ ಅಚ್ಚಾದ ಒಂದು ಹಾಳೆಯನ್ನೂ ಒಳಗಿಟ್ಟು ಕೊಟ್ಟ. ಅದು ಊಟದ ಮೇಜಿನ ಮೇಲೆ ಶ್ರೀಯಾ ತಿದ್ದಿ ಕಲಿತ ಹಾಳೆ, ಚೀಲದಲ್ಲೇ ಉಳಿದುಬಿಟ್ಟಿತ್ತು. ಕೊಟ್ಟಾಗ ತಾನು ಒಳ್ಳೆಯವನೆಂದು ಅನಿಸಿತ್ತು.

ಕಳೆದ ಗುರುವಾರ ಶ್ರೀಯಾಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿದ್ದ. ಅಡ್ಯಾರಿನಲ್ಲಿ ಬಸ್ಸು ಬದಲಿಸಿ, ರಸ್ತೆಯ ಎರಡೂ ಕಡೆ ಗಾಜಿನ ಕಟ್ಟಡಗಳು ಏಳುತ್ತಿರುವುದನ್ನು ನೋಡುತ್ತ, ಮಗಳು, “ಇದೆಲ್ಲ ನಾನು ಪಾಸಾಗೋ ಅಷ್ಟರಲ್ಲಿ ರೆಡಿಯಾಗಿರುತ್ತೆ ಪಾ,” ಎಂದು ಅಪರೂಪಕ್ಕೆ ಒಂದು ಇಡೀ ವಾಕ್ಯ ಕನ್ನಡದಲ್ಲಿ ಆಡಿದ್ದಳು. ಕಾಲೇಜಿನ ಕಚೇರಿಯ ಹೆಂಗಸು ಅರ್ಜಿ ತಿರುವಿಹಾಕುತ್ತ ಶ್ರೀಯಾಳ ಮುಖ ನೋಡದೆಯೇ ಕೇಳಿದಳು, “ವೀಟ್ಲ ಎನ್ನ ಪೇಸುವೀಂಗ ಮಾ?” ಮನೆಯಲ್ಲಿ ಏನು ಮಾತಾಡುತ್ತೀರಿ? ಶ್ರೀಯಾ ಥಟ್ಟನೆ, “ತಮಿಳ್ ದಾನ್ ಮೇಡಂ,” ಎಂದಳು. ಕೂಡಲೇ ನಾಲಿಗೆ ಕಚ್ಚಿಕೊಂಡು, “ಸಾರಿ ಮೇಡಂ, ಕನ್ನಡಾ, ಕನ್ನಡಾ,” ಎಂದಳು. ಹೆಂಗಸು ಜೋರಾಗಿ ನಕ್ಕಳು. ಪಕ್ಕದ ಮೇಜಿನವನೂ ನಕ್ಕ. ಹರಿಹರನೂ ನಕ್ಕ, ನಗದೆ ನಿಲ್ಲುವುದು ಹೇಗೆಂದು ಗೊತ್ತಾಗಲಿಲ್ಲ. ನಗುತ್ತಲೇ ಆಕೆ ಸಂಘದ ಪತ್ರದ ಮೇಲೆ ಮೊಹರು ಒತ್ತಿದಳು. ಮೇಜಿನ ಗಾಜಿನ ಕೆಳಗೆ ನಿಯಮದ ಹಾಳೆ ಇತ್ತು. ಅಭ್ಯರ್ಥಿಯ ಮಾತೃಭಾಷೆ ಕನ್ನಡವೆಂದು ಸಂಘ ದೃಢಪಡಿಸಬೇಕು. ಅಷ್ಟೇ. ಓದುವ ಮಾತು ಅದರಲ್ಲಿ ಎಲ್ಲೂ ಇಲ್ಲ. ಅದು ಅವನಿಗೆ ಹೊಸ ಸಂಗತಿಯೇನೂ ಅಲ್ಲ, ಹನ್ನೊಂದು ವರ್ಷದಿಂದ ಗೊತ್ತಿದ್ದದ್ದೇ. ಆದರೂ ತಲೆಕೆಳಗಾಗಿ ಕಾಣುತ್ತಿದ್ದ ಆ ಸಾಲನ್ನು ಅವನು ಎರಡು ಸಲ ಓದಿದ. ಮನೆಗೆ ಬಂದಾಗ ಉಷಾ ಪಾಯಸ ಮಾಡಿದ್ದಳು. ಚಿಂತಾದ್ರಿಪೇಟೆಯ ಹುಡುಗಿಯ ವಿಷಯ ಉಷಾಗೆ ಗೊತ್ತಿರಲಿಲ್ಲ.

ರೈಲು ಚೇಪಾಕ ಬಿಟ್ಟು ಚಿಂತಾದ್ರಿಪೇಟೆಯ ನಿಲ್ದಾಣಕ್ಕೆ ಬಂದು ನಿಂತಿತು. ಪ್ಲಾಟ್‌ಫಾರ್ಮು ಎಡಗಡೆ. ಹರಿಹರ ಬಲಗಡೆಯ ಕಿಟಕಿಗೆ ತಿರುಗಿಕೊಂಡು ಕೂವಂ ನದಿಯ ದಂಡೆಯ ಗುಡಿಸಲುಗಳನ್ನು ನೋಡಿದ. ಯಾರೋ ಬಟ್ಟೆ ಒಣಹಾಕುತ್ತಿದ್ದರು. ರೈಲು ಹೊರಡುವವರೆಗೆ ಹಾಗೇ ನೋಡುತ್ತಿದ್ದ.

ಬೀಚ್ ನಿಲ್ದಾಣದಲ್ಲಿ ಇಳಿದು, ಅರ್ಧ ಮುಚ್ಚಿದ ಅಂಗಡಿಗಳ ಮುಂದೆ ನಡೆದು, ಮೆಟ್ಟಿಲು ಹತ್ತಿದಾಗ ದೊಡ್ಡಬಸಪ್ಪನವರು ಒಬ್ಬರೇ ಕೂತು ಪತ್ರಿಕೆ ಓದುತ್ತಿದ್ದರು. “ಬರ್ರಿ. ಕಾಲೇಜಿಂದ ಫೋನ್ ಬಂದಿತ್ತು,” ಎಂದರು ಕಣ್ಣೆತ್ತದೆ. “ನಾಳೆ ಸಂಜಿ ಐದರ ತನಕ ನಾಕು ಸೀಟಿನ ಪಟ್ಟಿ ತಿದ್ದಾಕ ಬರ್ತದಂತ. ಆಮ್ಯಾಲೆ ಯೂನಿವರ್ಸಿಟಿಗೆ ಹೋಗ್ತದ. ತಿದ್ದೂದು ಏನರ ಐತೇನು?”

“ಏನಿಲ್ಲ ಸಾರ್.”

“ಸುಮ್ನ ಕೇಳಿದೆ,” ಎಂದು ಅವರು ಪುಟ ಮಗುಚಿದರು. ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲ ಮೇಲೆ ಸದ್ದಾಯಿತು. ಅವರು ಬಾಗಿಲ ಕಡೆ ನೋಡಿ, ಎದ್ದು, ಗೋದಾಮಿನಲ್ಲಿ ಕೆಲಸವಿದೆಯೆಂದು ಕೆಳಗಿಳಿದು ಹೋದರು. ಭಾನುವಾರ ಗೋದಾಮಿಗೆ ಬೀಗ.

ಕೋಮಲಾ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. “ನೀವೂ ಅದೇ ಟ್ರೈನ್‌ನಲ್ಲೇ ಬಂದ್ರಿ ಸಾರ್. ಕಿಟಕೀಲಿ ನೋಡಿದೆ. ಕೂಗೋಣ ಅಂದ್ರೆ ನೀವು ಆ ಕಡೆ ಏನೋ ನೋಡ್ತಿದ್ರಿ.” ಚೀಲದಿಂದ ಪುಸ್ತಕ ತೆಗೆದಳು. ಕಂದು ಕಾಗದದ ಹೊದಿಕೆ ಹಾಕಿದ್ದಳು. ಮುರಿದ ಬೆನ್ನಿಗೆ ಒಳಗಿನಿಂದ ಬಟ್ಟೆಯ ಪಟ್ಟಿ ಅಂಟಿಸಿ ಹೊಲಿದಿದ್ದಳು. ಮಗ್ಗದ ಮನೆಯ ಕೈ, ಹೊಲಿಗೆ ಕಾಣುತ್ತಲೇ ಇರಲಿಲ್ಲ. “ಓದಲಾ ಸಾರ್?” ಎಂದಳು. ಅವನು ಪುಸ್ತಕ ತೆರೆದ. ಅದೀಗ ಏಳಕ್ಕೆ ತೆರೆಯಲಿಲ್ಲ, ಎಲ್ಲಿ ಕೈಯಿಟ್ಟರೆ ಅಲ್ಲಿ ತೆರೆಯಿತು. ಹದಿನಾಲ್ಕನೆಯ ಪಾಠ. ಅವಳು ಬೆರಳಿಟ್ಟು ಓದತೊಡಗಿದಳು. ಒಂದೊಂದೇ ಅಕ್ಷರ, ಆಮೇಲೆ ಪದ, ಪದ ಸಿಕ್ಕಿದಾಗ ಮುಖದಲ್ಲಿ ಗುರುತು ಹಿಡಿದವಳ ಸಣ್ಣ ನಗೆ. ‘ಕ್ಷ’ ಬಂದಾಗ ನಿಂತಳು, ಹಿಂದಿನ ಅಕ್ಷರಕ್ಕೆ ಹೋಗಿ ಮತ್ತೆ ಬಂದಳು, ದಾಟಿದಳು. ಪುಟ ಮುಗಿಯಲು ಹತ್ತು ನಿಮಿಷ ಹಿಡಿಯಿತು. ಪುಟದ ಕೊನೆಯಲ್ಲಿ ಅವಳ ದನಿ ನಿಂತಿತು, ಅವಳೇ ಹಾಳೆ ಮಗುಚಿದಳು, ಆಮೇಲೆ ಮುಂದಿನದನ್ನು ಓದಿದಳು. ಸಾಕು ಎಂಬಂತೆ ಹರಿಹರ ಕೈಯೆತ್ತಿದ.

“ದಿನಾ ಸಾಯಂಕಾಲ ಅಜ್ಜಿಗೆ ಓದಿ ಹೇಳಿದೆ ಸಾರ್. ಅಜ್ಜಿ ಪುಸ್ತಕ ಮುಟ್ಟಿ ಮುಟ್ಟಿ ನೋಡ್ತು. ನಮ್ಮ ಮಾತಿಗೂ ಎಳುತ್ತು ಉಂಟು ಅಂತ ಅದಕ್ಕೆ ತಿಳಿದೇ ಇರಲಿಲ್ಲ. ಎಂಬತ್ತು ವರ್ಷ ಆಯ್ತು, ಯಾರೂ ಹೇಳಿಲ್ಲವಲ್ಲಾ ಅಂತು.”

ಹರಿಹರ ರಿಜಿಸ್ಟರು ತೆರೆದ. ತನ್ನ ಅಕ್ಷರ ಅಲ್ಲೇ ಇತ್ತು, ದುಂಡಗೆ, ಅನುಮಾನವಿಲ್ಲದೆ. ಅದರ ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿ ‘ಓದಬಲ್ಲಳು’ ಎಂದು ಬರೆದು ಸಹಿ ಮಾಡಿದ. ಅವಳು ಬಾಗಿ ಅದನ್ನು ತಾನೇ ಓದಿದಳು, ಜೋರಾಗಿ. ಮೊದಲು ಹೊಸದನ್ನು, ಆಮೇಲೆ ಹಳೆಯದನ್ನು. ಹಳೆಯದನ್ನು ಓದಿದಾಗ ಅವಳಿಗೆ ನಗು ಬಂತು. “ಅವತ್ತು ಏನು ಬರೆದ್ರಿ ಅಂತ ಗೊತ್ತೇ ಆಗಿರಲಿಲ್ಲ ಸಾರ್. ನನ್ನ ಮುಂದೇನೇ ಬರೆದ್ರಿ.”

“ಸೀಟು ಆಗಿಹೋಯ್ತಮ್ಮ,” ಎಂದ ಹರಿಹರ.

“ಗೊತ್ತು ಸಾರ್. ಅಪ್ಪ ಹೇಳಿದ್ರು. ನಾನು ರಾಣಿಮೇರಿ ಕಾಲೇಜಲ್ಲಿ ಮ್ಯಾತ್ಸ್ ಸೇರಿದೀನಿ. ಪುಸ್ತಕ ಕೊಡಬೇಕಲ್ಲ, ಅದಕ್ಕೆ ಬಂದೆ.” ಆಮೇಲೆ ಕೇಳಿದಳು, “ಆ ನಾಲ್ಕನೇ ಸೀಟು ಯಾರಿಗೆ ಹೋಯ್ತು ಸಾರ್?”

“ಮೈಲಾಪೂರಿನ ಒಂದು ಹುಡುಗಿಗೆ.”

“ಚೆನ್ನಾಗಿ ಓದ್ತಾಳಾ?”

“ಹೂಂ.”

“ನಂಗಿಂತ ಬೇಗ ಓದ್ತಾಳೇನೋ,” ಎಂದಳು. ಪುಸ್ತಕದೊಳಗಿನಿಂದ ಅಕ್ಷರಮಾಲೆಯ ಹಾಳೆಯನ್ನು ತೆಗೆದು, “ಇದು ಇಟ್ಕೊಳ್ಳಲಾ? ತಮ್ಮಂಗೆ ಕಲಿಸ್ತೀನಿ,” ಎಂದು ಕೇಳಿದಳು. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಶ್ರೀಯಾ ತನ್ನ ಹೆಸರನ್ನು ಐದಾರು ಸಲ ಬರೆದು ಅಭ್ಯಾಸ ಮಾಡಿದ್ದಳು, ಕೆಳಗೆ ಅಪ್ಪನ ಹೆಸರನ್ನೂ. ಮೂರು ವಾರದ ಹಿಂದೆ ಕೊಡುವಾಗ ಅದು ಅವನ ಗಮನಕ್ಕೆ ಬಂದಿರಲಿಲ್ಲ. ಈಗ ಕೋಮಲಾಗೆ ಓದಲು ಬರುತ್ತದೆ. ಓದಿರಬಹುದು. ಹಿಂಬದಿ ತಿರುಗಿಸಿ ನೋಡಿರಲಿಕ್ಕಿಲ್ಲ. ಅವಳ ಮುಖ ನೋಡಿದ, ಅದರಲ್ಲಿ ಏನೂ ತಿಳಿಯಲಿಲ್ಲ. ಇಟ್ಕೊಳಮ್ಮ ಎಂದ. ಅವಳು ಹಾಳೆಯನ್ನು ಮಡಿಸದೆ ಚೀಲದಲ್ಲಿಟ್ಟು, “ಬರ್ತೀನಿ ಸಾರ್, ಅಜ್ಜಿ ಕಾಯ್ತದೆ,” ಎಂದು ಮೆಟ್ಟಿಲಿಳಿದಳು. ಸದ್ದು ಪೂರ್ತಿ ನಿಲ್ಲುವವರೆಗೆ ಅವನು ಕುರ್ಚಿಯಲ್ಲೇ ಕೂತಿದ್ದ. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು. ನಾಳೆ ಸಂಜೆ ಐದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಪಟ್ಟಿಯನ್ನು ಇನ್ನೂ ತಿದ್ದಬಹುದೆಂದು ಹರಿಹರ ಅವಳಿಗೆ ಹೇಳಲಿಲ್ಲ. ಮೈಲಾಪೂರಿನ ಆ ಹುಡುಗಿ ತನ್ನ ಮಗಳೆಂದೂ ಹೇಳಲಿಲ್ಲ.